ಗುಲಾಬಿ ಪೆಟ್ಟಿಗೆಯ ಲೇಬಲ್ಲುಗಳು

ಹೊಸೂರಿನ ಹತ್ತಿರ ತಳಿ ಎಂಬ ಊರಿನ ಗುಲಾಬಿ ಪ್ಯಾಕಿಂಗ್ ಶೆಡ್ಡಿಗೆ ನಾನು ಸೇರಿ ಒಂದು ವಾರವಾಗಿತ್ತು. "ಹೂಂ", "ಸರಿ ಅಕ್ಕ" ಬಿಟ್ಟರೆ ನನ್ನ ಬಾಯಿಂದ ಬೇರೆ ಮಾತು ಬಂದಿರಲಿಲ್ಲ.

ಆ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಹೋಗುವ ತಂಪು ವ್ಯಾನು ಬಾಗಿಲಲ್ಲಿ ನಿಂತಿತ್ತು. ಲೇಬಲ್ ಇಲ್ಲದ ಪೆಟ್ಟಿಗೆಯನ್ನು ಡ್ರೈವರ್ ಹತ್ತಿಸಿಕೊಳ್ಳುವುದಿಲ್ಲ. ವ್ಯಾನು ತಪ್ಪಿದರೆ ಶೆಡ್ಡು ನಡೆಸುವ ರಮಾದೇವಕ್ಕನಿಗೆ ಸಿಕ್ಕಿದ್ದ ಮೊದಲ ವಿದೇಶಿ ಆರ್ಡರ್ ಕೈತಪ್ಪುತ್ತಿತ್ತು.

ಹೂ ಕೊಳ್ಳುವವರು ತೋಟಕ್ಕೊಂದರಂತೆ ಎಕ್ಸೆಲ್ ಫೈಲ್ ಕಳಿಸಿದ್ದರು. ಅದರಲ್ಲಿನ ಗುಂಡಿ ಒತ್ತಿದರೆ ಲೇಬಲ್ ಪ್ರಿಂಟ್ ಆಗಬೇಕು. ಆದರೆ ಇಂಟರ್‌ನೆಟ್ಟಿನಿಂದ ಇಳಿಸಿದ್ದೆಂದು ಕಂಪ್ಯೂಟರು ಪ್ರತಿಯೊಂದಕ್ಕೂ ಕೆಂಪು ಪಟ್ಟಿ ತೋರಿಸಿ ತಡೆಯುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಅಂಬರೀಶಣ್ಣ ಒಂದೊಂದೇ ಫೈಲಿನ ಪ್ರಾಪರ್ಟೀಸ್ ತೆರೆದು, ಅನ್‌ಬ್ಲಾಕ್‌ಗೆ ಟಿಕ್ ಹಾಕುತ್ತ ಬೆವರುತ್ತಿದ್ದ.

"ಏನ್ಲಾ ಅಂಬರೀಶ, ಒಂದೊಂದೇ ಮುಳ್ಳು ಉಗುರಲ್ಲಿ ಕೀಳ್ತಾ ಕುಂತಿದ್ದೀಯ?" ಎಂದಳು ಪ್ಯಾಕಿಂಗ್ ಹೆಂಗಸರ ಮುಂದಾಳು ಮಂಗಮ್ಮ. ಅವಳ ಕೈಯ ಚಿಮಟ ಗುಲಾಬಿ ಕಡ್ಡಿಯ ಮೇಲೆ ಒಮ್ಮೆ ಸರಿದರೆ ಮುಳ್ಳೆಲ್ಲ ಕೆಳಗೆ.

"ಹಂಗಾದ್ರೆ ನೀನೇ ಬಾರಕ್ಕ, ಮೌಸ್ ಹಿಡಿ!"

ಎಲ್ಲರೂ ನಕ್ಕರು. ಹೇಳಲೋ ಬೇಡವೋ ಎಂದು ನಾನು ದುಪಟ್ಟಾದ ತುದಿ ತಿರುವುತ್ತಿದ್ದೆ. ಹೊರಗೆ ವ್ಯಾನು ಹಾರ್ನ್ ಹೊಡೆಯಿತು.

"ಅಣ್ಣಾ... ಅದ್ನೂ ಒಂದೇ ಎಳೆತಕ್ಕೆ ತೆಗೀಬೋದು."

ಮಂಗಮ್ಮ ಚಿಮಟ ಕೆಳಗಿಟ್ಟಳು. "ಅಯ್ಯೋ, ಈ ಹುಡ್ಗಿ ಮಾತಾಡ್ತದೆ ಕಣ್ರೇ!"

ಅಂಬರೀಶಣ್ಣ ಕುರ್ಚಿ ಬಿಟ್ಟುಕೊಟ್ಟ. ಮೊದಲು ಯಾವ ಫೈಲು ಯಾರ ಮೇಲ್‌ನಿಂದ ಬಂದದ್ದೆಂದು ನೋಡಿದೆ. ಒಂದು ಮಾತ್ರ ಯಾರೋ ಗೊತ್ತಿಲ್ಲದವರು ಕಳಿಸಿದ್ದು. "ಇದು ಬೇಡಣ್ಣ" ಎಂದು ಅಳಿಸಿದೆ. ಆಮೇಲೆ ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಬರೆದು ಕೊಡುವ ಪವರ್‌ಶೆಲ್ ತೆರೆದು, ಈ ಫೋಲ್ಡರಿನಲ್ಲಿರುವುದನ್ನೆಲ್ಲ ಅನ್‌ಬ್ಲಾಕ್ ಮಾಡು ಎನ್ನುವ ಒಂದೇ ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆ.

ಏನೂ ಬರಲಿಲ್ಲ. ನೀಲಿ ಪರದೆಯಲ್ಲಿ ಕರ್ಸರ್ ಕಣ್ಣು ಮಿಟುಕಿಸುತ್ತಿತ್ತು.

"ಏನಾಯ್ತಮ್ಮಾ? ಎಲ್ಲಾ ಹೋಗ್ಬುಟ್ವಾ?" ರಮಾದೇವಕ್ಕನ ಮುಖ ಬಿಳುಚಿತು.

"ಆಯ್ತಕ್ಕ. ಕೆಲ್ಸ ಆದ್ರೆ ಅದು ಏನೂ ಹೇಳಲ್ಲ. ಆಗ್ದಿದ್ರೆ ಮಾತ್ರ ಕೂಗ್ತದೆ."

"ನಿನ್ನಂಗೇ ಬಿಡು" ಎಂದಳು ಮಂಗಮ್ಮ.

ಫೈಲು ತೆರೆದೆ. ಕೆಂಪು ಪಟ್ಟಿ ಇಲ್ಲ. ಪ್ರಿಂಟರು ಕರಕರ ಎಂದು ಲೇಬಲ್ ಉಗುಳತೊಡಗಿತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಅಂಟಿಸಲು ಓಡಿದರು. ಡ್ರೈವರ್ ತಮಿಳಿನಲ್ಲಿ "ಸೀಕ್ರಂ, ಸೀಕ್ರಂ" ಎಂದು ಅವಸರಪಡಿಸುತ್ತ ತಾನೂ ಪೆಟ್ಟಿಗೆ ಹೊತ್ತ. ಎಲ್ಲ ತುಂಬಿ ವ್ಯಾನು ಹೊಸೂರು ರಸ್ತೆ ಹಿಡಿಯಿತು.

ರಮಾದೇವಕ್ಕ ನನ್ನ ಹೆಗಲು ಹಿಡಿದುಕೊಂಡರು. "ನಾಳೆ ಎಲ್ರಿಗೂ ಹೇಳ್ಕೊಡು. ಎದ್ದು ನಿಂತ್ಕೊಂಡು, ಗಟ್ಟಿಯಾಗಿ."

ನಾನು ಮತ್ತೆ ದುಪಟ್ಟಾದ ತುದಿಗೆ ಕೈ ಹಾಕಿದೆ. "ಬರ್ದು ಗೋಡೆಗೆ ಅಂಟಿಸ್ಲಾ ಅಕ್ಕ?"

"ಅದೆಲ್ಲ ಆಗಲ್ಲ. ನಂಗೆ ಓದಕ್ ಬರಲ್ಲ, ಬಾಯಲ್ಲೇ ಹೇಳು" ಎನ್ನುತ್ತ ಮಂಗಮ್ಮ ನನ್ನೆದುರಿನ ಸ್ಟೂಲಿನ ಮೇಲೆ ಆಗಲೇ ಕೂತುಬಿಟ್ಟಿದ್ದಳು.