ಹದಿನೇಳು ಜೊತೆ ಹಲ್ಲು

ಗುಳ್ಳೆ, ಎಡಗಡೆಯ ಕೋರೆಹಲ್ಲಿನ ಕುಳಿಯಲ್ಲಿ ಒಂದೇ ಒಂದು ಗುಳ್ಳೆ, ಸಾಸಿವೆ ಗಾತ್ರದ್ದು, ಒಡೆಯಲಾರೆ ಎಂದು ಹಟ ಹಿಡಿದು ಕೂತಿದೆ, ಪ್ಲಾಸ್ಟರ್ ಸುರಿದ ಅಚ್ಚನ್ನು ಮೇಜಿನ ಅಂಚಿಗೆ ಟಕಟಕ ತಟ್ಟಿದರೆ ಮೇಲೇಳಬೇಕು, ಇನ್ನೊಮ್ಮೆ, ಇನ್ನೊಮ್ಮೆ, ಹಾಂ, ಎದ್ದಿತು, ಒಡೆಯಿತು, ಇಲ್ಲದಿದ್ದರೆ ಯಾರೋ ಪುಣ್ಯಾತ್ಮನ ಕೋರೆಹಲ್ಲಿನಲ್ಲಿ ತೂತು ಉಳಿದು, ಕಟ್ಟಿದ ಹಲ್ಲಿನ ಸೆಟ್ಟು ಬಾಯಲ್ಲಿ ಕೂರದೆ, ಡಾಕ್ಟರು ಫೋನು ಮಾಡಿ ಏನಮ್ಮಾ ಇದು ಎನ್ನುತ್ತಿದ್ದರು, ಇವಳು ತಪ್ಪು ತನ್ನದಿರಲಿ ಬಿಡಲಿ ಹೂಂ ಸರ್ ಎನ್ನುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಹಲ್ಲು ಕಟ್ಟುವ ಕೆಲಸ, ಡಾಕ್ಟರು ರೋಗಿಯ ಬಾಯಿಂದ ತೆಗೆದ ಅಚ್ಚು ಡಬ್ಬಿಯಲ್ಲಿ ಬರುತ್ತದೆ, ಇವಳು ಅದರೊಳಗೆ ಪ್ಲಾಸ್ಟರ್ ಸುರಿದು ಆ ಬಾಯನ್ನೇ ಮತ್ತೆ ಮಾಡುತ್ತಾಳೆ, ಎಷ್ಟು ಬಾಯಿ ಕಂಡಿದ್ದಾಳೋ, ಒಂದರ ಮುಖವನ್ನೂ ಕಂಡಿಲ್ಲ. ಇನ್ನು ಮುಕ್ಕಾಲು ಗಂಟೆ ಇದನ್ನು ಮುಟ್ಟುವ ಹಾಗಿಲ್ಲ, ಪ್ಲಾಸ್ಟರ್ ಮೊದಲು ಬೆಚ್ಚಗಾಗಬೇಕು, ಆಮೇಲೆ ತಣ್ಣಗಾಗಬೇಕು, ಆಗ ಬಿಡಿಸಬೇಕು, ಕೈ ತೊಳೆದುಕೋ, ಒರೆಸಿಕೋ, ಫೋನಿನ ಕಡೆ ನೋಡಬೇಡ — ನೋಡಿಯಾಯಿತು, ಮೇಣದ ಡಬ್ಬಿಯ ಪಕ್ಕದಲ್ಲಿ ಅಂಗಾತ ಬಿದ್ದಿದೆ, ಫೋನಿನ ಗುಂಪಿಗೆ ಸೇರಿದ ಹೊಸಬಳ ಪ್ರಶ್ನೆ ಇನ್ನೂ ಅಲ್ಲೇ ಇದೆ, ಬೆಳಿಗ್ಗೆಯಿಂದ, ನೀವು ನಮ್ಮ ದೇಶದಲ್ಲಿ ಯಾವ ಊರಿನವರು?

ಯಾವ ಊರಿನವಳು, ಯಾವ ಊರೂ ಅಲ್ಲ, ಆ ದೇಶದ ಮಣ್ಣು ತುಳಿದವಳೇ ಅಲ್ಲ, ಇದನ್ನು ಹೇಳುವುದು ಹೇಗೆ, ಆ ದೇಶದವಳು ಎನಿಸಿಕೊಂಡು ಮೂರು ವರ್ಷವಾಯಿತಲ್ಲ. ಗುಂಪಿನ ಹೆಸರೇ ಉಗುರಿನಷ್ಟು ಕಿರಿಕಿರಿ, ಯಾವ ಯಾವುದೋ ದೇಶದ ನಲವತ್ತು ಜನ, ಮುಖ ನೋಡದವರು, ದಿನಕ್ಕೊಂದು ಕಿರಿಕಿರಿ ಬರೆಯಬೇಕು, ಆದರೆ ಉಗುರಿಗಿಂತ ದೊಡ್ಡದನ್ನು ತರುವ ಹಾಗಿಲ್ಲ, ಸಾವು ನೋವು ಕೋರ್ಟು ಆಸ್ಪತ್ರೆ ಬೇಡವೇ ಬೇಡ, ಕಾಲುಚೀಲದ ಒಂಟಿ ಕಾಲು ಮಾತ್ರ ಕಳೆಯುವುದು, ಟೇಪಿನ ತುದಿ ಸಿಗದಿರುವುದು, ಇಂಥದ್ದು ಸಾಕು, ಯಾರೂ ಸಮಾಧಾನ ಹೇಳಬಾರದು, ಉಪದೇಶ ಮಾಡಬಾರದು, ನಮಗೂ ಹಾಗೇ ಎನ್ನಬೇಕು, ಅಷ್ಟೆ. ಶುಕ್ರವಾರ ಚಿತ್ರವಿಚಿತ್ರ ಸುದ್ದಿ. ಎಲ್ಲರ ಹೆಸರಿನ ಮುಂದೆ ಅವರವರ ದೇಶದ ಬಾವುಟ, ಬಾವುಟ ಇದ್ದ ಮೇಲೆ ಚುಡಾಯಿಸದೆ ಇರುತ್ತಾರೆಯೇ, ಜರ್ಮನಿಯ ನಿವೃತ್ತ ಟ್ರಾಮ್ ಚಾಲಕನಿದ್ದಾನೆ, ಇವರೆಲ್ಲ ಟ್ರಾಮಿನವನು ಎನ್ನುತ್ತಾರೆ, ಗಡಿಯಾರ ನೋಡಿ ಉಸಿರಾಡುವ ಜನವಲ್ಲವೇ ನೀವು ಎಂದರೆ ಅವನು ಉತ್ತರ ಕೊಡುವುದೇ ಮೂರು ದಿನ ತಡವಾಗಿ, ಬ್ರೆಜಿಲಿನ ಗ್ರಂಥಪಾಲಕಿಯಿದ್ದಾಳೆ, ಕುಣಿತ ಎಂದರೆ ಕಾಲು ನಡುಗುತ್ತದಂತೆ, ಪಕ್ಕದ ಮನೆಯಲ್ಲಿ ಫುಟ್‌ಬಾಲ್ ನೋಡುವವರು ಕೂಗುತ್ತಾರೆ ಎಂಬುದೇ ಅವಳ ನಿತ್ಯದ ಕಿರಿಕಿರಿ. ನಿಮ್ಮ ಪಾಸ್‌ಪೋರ್ಟ್ ವಾಪಸ್ ತೊಗೋತಾರೆ ನೋಡಿ ಎಂದು ಟ್ರಾಮಿನವನು ಅವಳಿಗೆ ಬರೆದಿದ್ದ, ಆವತ್ತು ಇವಳು ಊಟದ ಡಬ್ಬಿ ಮುಂದಿಟ್ಟುಕೊಂಡು ಒಬ್ಬಳೇ ನಕ್ಕಿದ್ದಳು, ನಕ್ಕು ತುತ್ತು ಗಂಟಲಿಗೆ ಸಿಕ್ಕಿ ಕೆಮ್ಮಿದ್ದಳು, ಆಚೆ ಮೇಜಿನಿಂದ ಲ್ಯಾಬಿನ ಯಜಮಾನರು ನೀರು ಬೇಕೇನಮ್ಮಾ ಎಂದಿದ್ದರು.

ಆ ಬಾವುಟ, ಆದದ್ದೆಲ್ಲ ಈ ಮೇಜಿನ ಮುಂದೆಯೇ, ಕನ್ನಡಕ ಹಣೆಯ ಮೇಲೆ, ಹೆಬ್ಬೆರಳಲ್ಲಿ ಒಣಗಿದ ಪ್ಲಾಸ್ಟರ್, ಗುಂಪಿಗೆ ಸೇರುವಾಗ ಬಾವುಟಗಳ ಪಟ್ಟಿ ಸರ್ರನೆ ಮೇಲೆ ಓಡಿತು, ಪಟ್ಟೆ ಪಟ್ಟೆಯದೊಂದು ಒತ್ತಿದಳು, ತನ್ನದೇ ಎಂದುಕೊಂಡಳು, ಮೂರು ದಿನದ ಮೇಲೆ ಮನೆಯಲ್ಲಿ ಕನ್ನಡಕ ಇಳಿಸಿ ನೋಡಿದರೆ ಅದು ಹಾಲೆಂಡಿನದು. ಅಷ್ಟರಲ್ಲಿ ಟ್ರಾಮಿನವನು ಬರೆದಾಗಿತ್ತು, ಓಹೋ ಡಚ್ಚರು ಬಂದರು, ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಜನ, ಇನ್ನು ನಮ್ಮ ಗತಿ ಅಷ್ಟೆ. ತಪ್ಪಾಯಿತು ಎಂದು ಬರೆಯಲು ಹೊರಟಿದ್ದಳು, ನಿಜವಾಗಿ ಹೊರಟಿದ್ದಳು, ಆದರೆ ಆ ಮಾತು ನಾಲಿಗೆಗೆ ಉಪ್ಪಿನಕಾಯಿ ತಾಗಿದ ಹಾಗೆ ತಾಗಿತ್ತು, ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು, ಇವಳು, ಅಲ್ಲಿಯವರೆಗಿನ ನಲವತ್ತೆಂಟು ವರ್ಷದಲ್ಲಿ ಯಾರೂ ಇವಳ ಬಗ್ಗೆ ಅಂಥ ಮಾತು ಆಡಿರಲಿಲ್ಲ. ಪರೀಕ್ಷೆ ಮಾಡೋಣವೆಂದು ಒಂದು ಸಾಲು ಬರೆದಳು, ನಿಮ್ಮ ಹಾಸ್ಯಕ್ಕೆ ನಗು ಬರಲಿಲ್ಲ, ಇನ್ನೊಂದು ಹೇಳಿ. ಟ್ರಾಮಿನವನು ಹತ್ತು ಚಪ್ಪಾಳೆ ಕಳಿಸಿದ, ಗ್ರಂಥಪಾಲಕಿ ಇದೇ ಬೇಕಾಗಿತ್ತು ಈ ಗುಂಪಿಗೆ ಎಂದಳು. ಅವತ್ತಿನಿಂದ ನಡೆದೇ ಹೋಯಿತು, ಇದು ಉಗುರಿಗಿಂತ ದೊಡ್ಡದು ವಾಪಸ್ ತೊಗೊಳ್ಳಿ, ಈ ಸುದ್ದಿ ಹಳೇದು, ನೀವು ಸುತ್ತಿ ಬಳಸಿ ಹೇಳ್ತಿದ್ದೀರಿ. ಸುಳ್ಳು ಅಂತ ಒಂದೂ ಹೇಳಿಲ್ಲ, ಅದೇ ಆಶ್ಚರ್ಯ, ಎದುರು ಗಾಳಿಗೆ ಸೈಕಲ್ ತುಳಿಯುವುದು ನಿಜ, ಪಕ್ಕದ ಮನೆಯವರು ಗಾಳಿ ಪಂಪು ಒಯ್ದು ಮುಚ್ಚಳವಿಲ್ಲದೆ ತಂದಿಡುವುದು ನಿಜ, ಛತ್ರಿ ತಂದ ದಿನ ಮಳೆ ಬಾರದಿರುವುದು ನಿಜ, ನಲವತ್ತು ಜನ ನಲವತ್ತು ದೇಶದಿಂದ ನಮಗೂ ಹಾಗೇ ಎಂದರು, ಒಬ್ಬರಿಗೂ ಅನುಮಾನ ಬರಲಿಲ್ಲ. ಅಲ್ಲಿ ಬೆಳಕು ಹರಿಯುವ ಮುಂಚೆಯೇ ಇವಳ ಮಾತು ಬಂದದ್ದು ನೋಡಿ ಡಚ್ಚರು ಇಷ್ಟು ಬೇಗ ಏಳ್ತಾರಾ ಎಂದು ಟ್ರಾಮಿನವನು ಒಮ್ಮೆ ಕೇಳಿದ್ದ, ಹಲ್ಲು ಕಟ್ಟುವವರು ಏಳ್ತಾರೆ ಎಂದು ಬಾಯಿ ಮುಚ್ಚಿಸಿದ್ದಳು.

ಮನೆಯಲ್ಲಿ ಮಾತ್ರ ಹೂಂ. ಗಂಡನಿಗೆ ಹೂಂ, ಅವರೇನೂ ಕೆಟ್ಟವರಲ್ಲ ಪಾಪ, ಕೇಳುವುದೇ ಕಡಿಮೆ. ಅಕ್ಕನಿಗೆ ಹೂಂ. ಅಕ್ಕನ ಮನೆ ದೊಡ್ಡದು, ಆದರೂ ಅಕ್ಕನಿಗೆ ಬೇಡವಾದದ್ದೆಲ್ಲ ಇವಳ ಮುಂದಿನ ಕೋಣೆಗೆ ಬರುತ್ತದೆ, ಪುಟ್ಟೀ, ನಿನ್ನ ಹತ್ರ ಜಾಗ ಇದೆಯಲ್ಲ, ಸ್ವಲ್ಪ ದಿನ ಇಟ್ಕೋ. ಐವತ್ತೊಂದಕ್ಕೂ ಪುಟ್ಟಿ. ಸ್ವಲ್ಪ ದಿನದ್ದು ಏನೇನಿದೆ, ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್, ಅದರ ಮೇಲೆ ಒಗೆದ ಬಟ್ಟೆ ಒಣಗುತ್ತದೆ, ಒಂದು ಕಾಲು ಗಿಡ್ಡವಾದ ನಾಲ್ಕು ಕುರ್ಚಿ, ನಿಂತ ಗೋಡೆ ಗಡಿಯಾರ, ಮೀನಿಲ್ಲದ ಮೀನಿನ ಪೆಟ್ಟಿಗೆ. ಕಿಟಕಿಯ ಬದಿಯ ಮೂರಡಿ ಜಾಗ ಒಂದು ಉಳಿದಿದೆ, ಅಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಸಂಜೆ ಬೆಳಕಿನಲ್ಲಿ ಗುಂಪಿನ ಮಾತು ಓದುತ್ತಾಳೆ, ದಿನದಲ್ಲಿ ಅವಳಿಗೇ ಅಂತ ಇರುವುದು ಅದೊಂದು. ಇವತ್ತು ಬೆಳಿಗ್ಗೆ ಲ್ಯಾಬಿನ ಮುಂದೆ ಸೈಕಲ್ ಸ್ಟ್ಯಾಂಡ್ ಹಾಕುವಾಗ ಅಕ್ಕನ ಫೋನು, ಪುಟ್ಟೀ, ಕನ್ನಡಿ ಬೀರು ಕಳಿಸ್ತಿದೀನಿ, ನಾಲ್ಕು ಗಂಟೆಗೆ ಗಾಡಿ ಬರತ್ತೆ, ಕಿಟಕಿ ಹತ್ರ ಸರಿಯಾಗಿ ಕೂರತ್ತೆ, ನಾನು ಅಳತೆ ತೊಗೊಂಡಿದ್ದೆ. ಅಳತೆ ಬೇರೆ ತೆಗೆದುಕೊಂಡಿದ್ದಾಳೆ, ಯಾವಾಗ, ಹೋದ ತಿಂಗಳು ಬಂದಾಗ ಕಿಟಕಿಯ ಬಳಿ ಕೈ ಚಾಚಿ ನಿಂತಿದ್ದು ಅದಕ್ಕೇ ಇರಬೇಕು, ಗೇಣು ಹಾಕಿದ್ದಾಳೆ, ಇವಳು ಪಾಪ ಅಕ್ಕ ಬೀದಿ ನೋಡುತ್ತಿದ್ದಾಳೆ ಎಂದು ಚಹಾ ತರಲು ಒಳಗೆ ಹೋಗಿದ್ದಳು. ಹೂಂ ಅಕ್ಕ. ಎಂದುಬಿಟ್ಟಳು, ಬಾಯಿಂದ ಅದು ತಾನಾಗಿ ಬೀಳುತ್ತದೆ.

ಅಚ್ಚು ಬೆಚ್ಚಗಾಗುತ್ತಿದೆ, ಅಂಗೈ ಇಟ್ಟರೆ ಸಣ್ಣ ಜ್ವರದ ಹಣೆಯಂತೆ, ಇಪ್ಪತ್ತು ನಿಮಿಷ ಆಗಿರಬೇಕು. ಇವತ್ತು ಶುಕ್ರವಾರ, ಗ್ರಂಥಪಾಲಕಿ ಸುದ್ದಿ ಹಾಕಿದ್ದಾಳೆ, ಹಲ್ಲಿನವಳಿಗೆ ವಿಶೇಷವಾಗಿ ಎಂದು ಇವಳ ಹೆಸರು ಹಿಡಿದು, ಯಾವುದೋ ಊರಿನಲ್ಲಿ ಈಜುವ ಕೆರೆ ಖಾಲಿ ಮಾಡಿ ಹೂಳು ಎತ್ತಿದರೆ ತಳದಲ್ಲಿ ಹದಿನೇಳು ಜೊತೆ ಕಟ್ಟಿದ ಹಲ್ಲು ಸಿಕ್ಕವಂತೆ, ತೊಳೆದು ಪಂಚಾಯಿತಿ ಕಚೇರಿಯಲ್ಲಿ ಸಾಲಾಗಿ ಇಟ್ಟು ನಿಮ್ಮದಿದ್ದರೆ ಬಂದು ಒಯ್ಯಿರಿ ಎಂದು ಬೋರ್ಡು ಹಾಕಿದರಂತೆ, ಒಬ್ಬರೂ ಬರಲಿಲ್ಲವಂತೆ. ಹೇಗೆ ಬರುತ್ತಾರೆ, ನಂದು ಎಂದು ಹೇಳಬೇಕಲ್ಲ, ಹೇಳಲು ಹಲ್ಲಿಲ್ಲ. ನೀರಿನಲ್ಲಿ ಯಾರೋ ಏನೋ ಹೇಳಿರಬೇಕು, ನಗು ಬಂದಿರಬೇಕು, ಬಾಯಿ ತೆರೆದಿರಬೇಕು, ಟುಳುಂ. ಆಮೇಲೆ ಬಾಯಿ ಮುಚ್ಚಿಕೊಂಡು ಮನೆಗೆ ಹೋದ ಹದಿನೇಳು ಜನ, ಊಟಕ್ಕೆ ಗಂಜಿ ಸಾಕಾ ಎಂದರೆ ಹೂಂ, ಇದನ್ನು ಸ್ವಲ್ಪ ದಿನ ಇಟ್ಕೋ ಎಂದರೆ ಹೂಂ. ಪ್ರತಿಯೊಂದನ್ನೂ ಯಾರೋ ಇವಳಂಥವಳು ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು ಕೂರಿಸಿದ್ದಾಳೆ, ಕಚ್ಚಲಿ ಎಂದು.

ಹೊಸಬಳು ನಿನ್ನೆ ಸೇರಿದವಳು, ಅವಳ ಬಾವುಟವೂ ಅದೇ ಕೆಂಪು ಬಿಳಿ ನೀಲಿ, ಅವಳದು ಅಸಲಿ. ಎರಡೆರಡು ಡಚ್ಚರು, ಮೇಜಿನ ಕೆಳಗೆ ಅಡಗಿಕೊಳ್ಳಿ ಎಂದು ಟ್ರಾಮಿನವನು ಖುಷಿಪಟ್ಟ, ಅಪರೂಪಕ್ಕೆ ಅದೇ ದಿನ. ಅವಳು ಬರೆದದ್ದು ಮಾತ್ರ ಬೇರೆ, ನಿಮ್ಮ ಮೂರು ವರ್ಷದ ಮಾತೆಲ್ಲ ಓದಿದೆ, ನನ್ನ ದೇಶದಲ್ಲಿ ನಿಮ್ಮಷ್ಟು ಖಡಕ್ಕಾದವರನ್ನು ನಾನು ನೋಡಿಲ್ಲ, ನಾನಂತೂ ಹೋಟೆಲಿನಲ್ಲಿ ತಣ್ಣಗಿನ ಸೂಪು ಕೊಟ್ಟರೂ ಚೆನ್ನಾಗಿದೆ ಎಂದು ಕುಡಿದು ಬರುವವಳು, ನೀವು ನಮ್ಮ ದೇಶದಲ್ಲಿ ಯಾವ ಊರಿನವರು? ನಲವತ್ತು ಜನ ಕಾಯುತ್ತಿದ್ದಾರೆ. ಭೂಪಟದಲ್ಲಿ ಒಂದು ಊರು ಹುಡುಕಿಟ್ಟಿದ್ದಾಳೆ, ಹೆಸರು ಉಚ್ಚರಿಸಲು ಬಾರದು, ಬರೆದರಾಯಿತು, ಆಮೇಲೆ ಯಾವ ಬೀದಿ ಎಂದರೆ, ಯಾವ ಶಾಲೆ ಎಂದರೆ. ಸದ್ದಿಲ್ಲದೆ ಗುಂಪು ಬಿಟ್ಟುಬಿಡಬಹುದು, ಒಂದು ಗುಂಡಿ ಒತ್ತಿದರೆ ಮುಗಿಯಿತು, ಅದು ಸುಲಭ, ಅದೂ ಒಂದು ಹೂಂ ತಾನೇ, ಆಮೇಲೆ ಕಿಟಕಿಯ ಬದಿ ಕೂತು ಏನು ಓದುವುದು, ಕೂರಲು ಜಾಗವಾದರೂ ಎಲ್ಲಿರುತ್ತದೆ, ಅಲ್ಲಿ ಬೀರು ನಿಂತಿರುತ್ತದೆ, ಕನ್ನಡಿಯಲ್ಲಿ ಇವಳದೇ ಮುಖ. ಹೇಳಿದರೆ ಓಡಿಸುತ್ತಾರೇನೋ, ಮೋಸಗಾತಿ ಎನ್ನುತ್ತಾರೇನೋ, ಅನ್ನಲಿ, ಹೇಳದೆ ಉಳಿದರೆ ಅಲ್ಲಿಯೂ ಪುಟ್ಟಿಯೇ ಆದಂತಾಯಿತು. ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಇಂಥಲ್ಲಿ ಏನು ಮಾಡುತ್ತಿದ್ದಳು, ಕೈ ಒರೆಸಿಕೊಂಡು ಬರೆಯುತ್ತಿದ್ದಳು. ಕೈ ಒರೆಸಿಕೊಂಡಳು, ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿದಳು. ನಾನು ಆ ದೇಶದವಳಲ್ಲ, ಬಾವುಟ ತಪ್ಪಿ ಒತ್ತಿದೆ, ಕನ್ನಡಕ ಹಾಕಿರಲಿಲ್ಲ, ಮೂರು ವರ್ಷ ಬೇಕೆಂದೇ ಸುಮ್ಮನಿದ್ದೆ, ಬೈಯುವವರು ಬೈಯಬಹುದು. ಕಳಿಸಿದಳು. ಫೋನನ್ನು ಬೋರಲು ಹಾಕಿದಳು.

ಗೋಡೆಯಾಚೆ ಪಾಲಿಶ್ ಯಂತ್ರ ಗುಂಯ್ ಎನ್ನುತ್ತಿದೆ, ಯಜಮಾನರು ಯಾರದೋ ದವಡೆ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಾರೆ, ಕೆರೆಯ ತಳದಲ್ಲಿ ಹದಿನೇಳು ಜೊತೆ, ಅಂಗೈ ಕೆಳಗೆ ಪ್ಲಾಸ್ಟರಿನ ಬಿಸಿ ಇಳಿಯುತ್ತಿದೆ, ಇಳಿಯಲಿ, ನೋಡಬೇಡ, ಫೋನು ಮೇಜಿನ ಮೇಲೆ ಟರ್ ಎಂದಿತು, ಮತ್ತೊಮ್ಮೆ ಟರ್, ನೋಡು. ಗ್ರಂಥಪಾಲಕಿ, ಇದು ಉಗುರಿಗಿಂತ ದೊಡ್ಡದು, ವಾಪಸ್ ತೊಗೊಳ್ಳಿ. ಇವಳದೇ ಮಾತು, ಇವಳಿಗೇ. ಹೊಸಬಳು, ಅಯ್ಯೋ, ನಿಮ್ಮ ಊರಿಗೆ ಬಂದು ನಾಲ್ಕು ದಿನ ಇದ್ದು ಕಲಿಯೋಣ ಅಂತಿದ್ದೆ, ಪರವಾಗಿಲ್ಲ, ಇಲ್ಲಿಂದಲೇ ಕಲಿಸ್ತೀರಾ. ಟ್ರಾಮಿನವನ ಹೆಸರಿನ ಕೆಳಗೆ ಬರೆಯುತ್ತಿದ್ದಾರೆ ಎಂದು ಬಂತು, ನಿಂತಿತು, ಮತ್ತೆ ಬಂತು, ಇನ್ನು ಮೂರು ದಿನ ಕಾಯಬೇಕೇನೋ ಎಂದುಕೊಳ್ಳುವಷ್ಟರಲ್ಲಿ ಬಂದೇಬಿಟ್ಟಿತು, ಹಾಗಾದರೆ ಮೂರು ವರ್ಷದಿಂದ ನನ್ನನ್ನ ಬೈದದ್ದು ಒಂದು ದೇಶ ಅಲ್ಲ, ನೀವೇ ಅನ್ನಿ.

ನೀವೇ ಅನ್ನಿ. ಎರಡು ಸಲ ಓದಿದಳು, ಮೂರನೆಯ ಸಲ ಓದುವಾಗ ಸಂತೋಷ ಹೊಟ್ಟೆಯಿಂದ ಮೇಲಕ್ಕೆ ಬಂತು, ಗುಳ್ಳೆ ಎದ್ದ ಹಾಗೆ, ದೇಶದ್ದಲ್ಲ, ಬಾವುಟದ್ದಲ್ಲ, ಎಲ್ಲ ಇವಳದೇ, ಇಷ್ಟು ವರ್ಷ ಎಲ್ಲಿತ್ತು ಇದು, ಯಾವ ಕೆರೆಯ ತಳದಲ್ಲಿ. ಅಚ್ಚು ತಣ್ಣಗಾಗಿದೆ. ಚಾಕುವಿನ ತುದಿಯಿಂದ ಅಂಚು ಸಡಿಲಿಸಿದಳು, ಎಳೆದಳು, ಪಚಕ್ ಎಂದು ಬಿಟ್ಟುಕೊಂಡಿತು, ಅಲ್ಲಲ್ಲಿ ಹಲ್ಲು ಹೋದ ಒಂದು ಬಿಳಿ ದವಡೆ, ಯಾರದೋ, ಅಂಗೈ ಮೇಲೆ ಕೂತಿತು. ಗಡಿಯಾರ ಮೂರೂ ಕಾಲು. ಬಲಗೈಯಲ್ಲಿ ಫೋನು, ಅಕ್ಕನ ಹೆಸರು, ರಿಂಗು, ಹೇಳು ಪುಟ್ಟೀ, ಗಾಡಿ ಹೊರಡ್ತಿದೆ. ಬಾಯಿ ತೆರೆದಳು, ಹೂಂ ಅಲ್ಲೇ ಇತ್ತು, ಬಾಗಿಲ ಬಳಿಯೇ ನಿಂತಿತ್ತು, ಅದನ್ನು ಪಕ್ಕಕ್ಕೆ ಸರಿಸಿದಳು. ಬೇಡ ಅಕ್ಕ, ಬೀರು ಕಳಿಸಬೇಡ, ಕಿಟಕಿ ಹತ್ರ ನಾನು ಕೂತ್ಕೋತೀನಿ, ಮಿಕ್ಕಿದ್ದನ್ನೂ ಭಾನುವಾರ ಯಾರನ್ನಾದ್ರೂ ಕಳಿಸಿ ತರಿಸ್ಕೋ. ಆ ಕಡೆ ಗಾಡಿಯ ಎಂಜಿನ್ನಿನ ಗುರುಗುರು, ಅಕ್ಕ ಬಹಳ ಮರ್ಯಾದೆಯಿಂದ, ಪರಕೀಯರನ್ನು ಕೇಳುವ ಹಾಗೆ ಕೇಳಿದಳು, ಯಾರು ಮಾತಾಡ್ತಿರೋದು? ನಾನೇ ಅಕ್ಕ, ಎಂದಳು, ನಾನೇ — ಅಂಗೈ ಮೇಲಿನ ದವಡೆ ಬೆಳಕಿಗೆ ತಿರುಗಿತು, ಎಡಗಡೆಯ ಕೋರೆಹಲ್ಲು, ಚೂಪು, ಬಿಳಿ, ಒಂದು ಗುಳ್ಳೆಯೂ ಇಲ್ಲ.