ಅಕ್ಕನ ಸರದಿ

ಕುಡಿತ ಬಿಡಬೇಕೆನ್ನುವವರ ಸಭೆ ಎಲ್ಲಿ ನಡೆಯುತ್ತದೆಂದು ಹೇಳಿದ್ದು ನರ್ಸಮ್ಮ. ಮನೆಮುಂದಿನ ಅಂಗಡಿಯಲ್ಲಿ ಅವರ ಬಿಳಿ ಕೋಟುಗಳಿಗೆ ಇಸ್ತ್ರಿ ಮಾಡುವವಳು ನಾನೇ. "ಲೈಬ್ರರಿ ಹಿಂದಿನ ಕೋಣೆ, ಗುರುವಾರ ಸಂಜೆ. ಸುಮ್ನೆ ಹೋಗಿ ಕೂತ್ಕೊಂಡ್ರಾಯ್ತು," ಎಂದರು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕೂರಬೇಕಾದವನು ನನ್ನ ತಮ್ಮ. ವೆಲ್ಡಿಂಗ್ ಕೆಲಸದವನು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದ ಮೇಲೆ ನನ್ನ ಮನೆಯಲ್ಲೇ ಇದ್ದ. ಮೊನ್ನೆ ಅಮಲಿನಲ್ಲಿ ಯಾರದೋ ಗೇಟನ್ನು ತಿರುವುಮುರುವಾಗಿ ಬೆಸೆದಿದ್ದ. ಅದು ತೆರೆಯುವ ಬದಲು ಗೋಡೆಗೆ ಗುದ್ದುತ್ತಿತ್ತು. "ಇನ್ನೊಂದು ಸಲ ಕುಡಿದು ಬಂದ್ರೆ ಈ ಕಡೆ ತಲೆ ಹಾಕ್ಬೇಡ," ಎಂದು ವರ್ಕ್‌ಶಾಪಿನ ಮಾಲೀಕ ಹೇಳಿದ್ದ. ಆ ಕೆಲಸವೂ ಹೋದರೆ ಇವನನ್ನು ಹಿಡಿದು ನಿಲ್ಲಿಸಲು ಬೇರೇನೂ ಉಳಿದಿರಲಿಲ್ಲ.

ಗುರುವಾರ ಅವನ ತೋಳು ಹಿಡಿದು ಎಳೆದುಕೊಂಡೇ ಹೋದೆ. ಬಾಗಿಲಲ್ಲಿ ನರೆಗೂದಲಿನ ಒಬ್ಬರು ನಿಂತಿದ್ದರು. ಮೊದಲು ಪೋಸ್ಟ್‌ಮನ್ ಆಗಿದ್ದವರಂತೆ. ಸಭೆ ನಡೆಸುವವರು ಅವರೇ.

"ಅಮ್ಮಾ, ಇಲ್ಲಿ ಕುಡಿತದಿಂದ ಕೆಟ್ಟೋರು ಮಾತ್ರ ಕೂರೋದು. ಮನೆಯವರಿಗೆ ಭಾನುವಾರ ಬೇರೆ ಸಭೆ ಇದೆ."

ನಾನು ಹೊರಗೆ ನಿಂತರೆ ಇವನು ಕಿಟಕಿಯಿಂದಲಾದರೂ ಹಾರಿ ಹೋಗುತ್ತಾನೆ. "ನಾನೂ ಕುಡೀತೀನಿ," ಎಂದುಬಿಟ್ಟೆ.

ಪೋಸ್ಟ್‌ಮನ್ ನನ್ನನ್ನು ಒಮ್ಮೆ ನೋಡಿ, "ಕೂತ್ಕೊಳ್ಳಿ," ಎಂದರು.

ಕಬ್ಬಿಣದ ಕುರ್ಚಿಗಳನ್ನು ಸುತ್ತಲೂ ಹಾಕಿದ್ದರು. ತಮ್ಮ ಬಗ್ಗಿ ಕುರ್ಚಿಯ ಕಾಲಿನ ಬೆಸುಗೆ ನೋಡಿ, "ಯಾವನೋ ದರಿದ್ರದವನು ಮಾಡಿದ್ದು," ಎಂದು ಗೊಣಗಿದ. ಸುಮ್ಮನಿರು ಎಂದು ತಿವಿದೆ.

"ಒಬ್ಬರು ಹೇಳುವಾಗ ಬೇರೆಯವರು ಬಾಯಿ ಹಾಕೋ ಹಾಗಿಲ್ಲ. ಬುದ್ಧಿ ಹೇಳೋ ಹಾಗೂ ಇಲ್ಲ," ಎಂದರು ಪೋಸ್ಟ್‌ಮನ್. ಒಬ್ಬ ಬಸ್ ಡ್ರೈವರ್ ತನ್ನ ಕಥೆ ಹೇಳಿದ. ಯಾರೂ ಛೀ ಎನ್ನಲಿಲ್ಲ, ಅಯ್ಯೋ ಪಾಪ ಎಂದೂ ಲೊಚಗುಟ್ಟಲಿಲ್ಲ. ಮುಗಿದಾಗ ತಲೆಯಾಡಿಸಿದರು, ಅಷ್ಟೆ.

ತಮ್ಮನ ಸರದಿ ಬಂತು. ಗಂಟಲು ಸರಿಮಾಡಿಕೊಂಡ. "ನಂದೇನಿಲ್ಲ ಸ್ವಾಮಿ. ಎಲ್ಲೋ ಅಪರೂಪಕ್ಕೆ ಒಂದ್ಚೂರು. ನಮ್ಮಕ್ಕ ಒಬ್ಬಳೇ ಬರೋಕೆ ಹೆದರಿದ್ಲು, ಜೊತೆಗೆ ಬಂದೆ."

ಎಲಾ ಇವನ! ಮೈಯೆಲ್ಲ ಉರಿದುಹೋಯಿತು. ಅಷ್ಟೂ ಜನ ನನ್ನ ಕಡೆ ತಿರುಗಿದರು. ಸರದಿ ನನ್ನದಾಗಿತ್ತು.

"ಹೌದು, ಕುಡೀತೀನಿ," ಎಂದು ಶುರುಮಾಡಿದೆ. "ಎದ್ದು ಮುಖ ತೊಳೆಯೋಕೆ ಮುಂಚೆ ಕುಡೀತೀನಿ. ವೆಲ್ಡಿಂಗ್ ರಾಡಿನ ಡಬ್ಬದಲ್ಲಿ ಬಾಟಲಿ ಬಚ್ಚಿಡ್ತೀನಿ. ಹೆಂಡ್ತಿ ಬೇಸತ್ತು ಮನೆ ಬಿಟ್ಟು ಹೋದ್ಲು."

ಹೆಂಡತಿ ಎಂದಾಗ ಡ್ರೈವರ್ ತಲೆಯೆತ್ತಿ ನನ್ನ ಸೀರೆ ನೋಡಿದ. ಆದರೆ ಬಾಯಿ ಬಿಡಲಿಲ್ಲ, ನಿಯಮ ನಿಯಮವೇ.

"ಅಕ್ಕಾ, ಸಾಕು," ಎಂದ ತಮ್ಮ.

ಪೋಸ್ಟ್‌ಮನ್ ಕೈಯೆತ್ತಿದರು. "ಅವರು ಮುಗಿಸಲಿ."

"ಮಗಳನ್ನ ನೋಡೋಕೆ ಅಂತ ಶಾಲೆ ಹತ್ರ ಹೋದೆ. ಗೇಟಲ್ಲೇ ಬಿದ್ದೆ. ಟೀಚರು ಅವಳನ್ನ ಕರೆದು, ಇವರು ಯಾರಮ್ಮ ಅಂತ ಕೇಳಿದ್ರು." ಇಲ್ಲಿ ನನ್ನ ಸ್ವರ ತಾನಾಗಿ ಇಳಿಯಿತು. "ಗೊತ್ತಿಲ್ಲ ಅಂದ್ಲು ಮಗು."

ಅದನ್ನು ತಮ್ಮನ ಹೆಂಡತಿ ನನಗೆ ಹೇಳಿದ್ದಳು. ಅವನಿಗೆ ನಾನು ಹೇಳಿರಲಿಲ್ಲ. ಹೇಳುವ ಸಂದರ್ಭ ಇದಾಗಿರಲಿಲ್ಲ, ಆದರೆ ಸಿಟ್ಟು ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

ತಮ್ಮ ನೆಲ ನೋಡುತ್ತ ಕೂತಿದ್ದ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವನು, "ನಮ್ಮಕ್ಕ ಒಂದು ಹನಿ ಮುಟ್ಟಿದೋಳಲ್ಲ," ಎಂದ. "ಅದೆಲ್ಲ ನಂದು. ಒಂದು ಮಾತ್ರ ತಪ್ಪು. ಡಬ್ಬದಲ್ಲಿ ಇಡೋದು ಬಿಟ್ಟೆ. ಈಗ ಇವಳ ಅಂಗಡೀಲೇ ಇಡ್ತೀನಿ. ಯಾರೂ ಒಯ್ಯದೆ ಬಿದ್ದಿರೋ ಬಟ್ಟೆ ಗಂಟಿದೆಯಲ್ಲ, ಅದರೊಳಗೆ."

"ಲೋ ಕಳ್ಳ ನನ್ಮಗನೆ!" ಎಂದು ಎದ್ದು ನಿಂತೆ.

"ಅಮ್ಮಾ," ಎಂದರು ಪೋಸ್ಟ್‌ಮನ್ ಮೆಲ್ಲಗೆ, "ನೀವಿನ್ನು ಹೊರಗಿರಿ. ಭಾನುವಾರ ಬನ್ನಿ."

ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗಿಂದ ತಮ್ಮನ ದನಿ ಕೇಳುತ್ತಲೇ ಇತ್ತು. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಕಿವಿಗೊಟ್ಟು ಕೇಳಬಹುದಿತ್ತು. ಎದ್ದು ಎರಡು ಮೆಟ್ಟಿಲು ಕೆಳಗೆ ಹೋಗಿ ಕೂತೆ.

ಮನೆಗೆ ಬರುವಾಗ ಅವನು ಕೇಳಿದ್ದು ಒಂದೇ. "ಮಗು ನಿಜವಾಗ್ಲೂ ಹಾಗಂದ್ಲಾ?"

"ಅಂದ್ಲು."

ಮುಂದಿನ ಗುರುವಾರ ಅವನೇ ಅಂಗಿ ತೊಟ್ಟು ಹೊರಟ. ನಾನೂ ಚಪ್ಪಲಿ ಹುಡುಕಿದೆ.

"ನೀನೆಲ್ಲಿಗೆ? ಕುಡುಕರ ಮಧ್ಯೆ ನಿನಗೇನು ಕೆಲಸ?"

"ದಾರೀಲಿ ಬಾರು ಇದೆಯಲ್ಲೋ."

"ಇದೆ. ಪ್ರತಿದಿನಾನೂ ಇರುತ್ತೆ. ಎಷ್ಟು ದಿನ ತೋಳು ಹಿಡಿದು ದಾಟಿಸ್ತೀಯ?"

ಚಪ್ಪಲಿಯನ್ನು ಮತ್ತೆ ಮೂಲೆಗೆ ತಳ್ಳಿದೆ. ಅವನು ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದು, ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆ ಹಿಡಿದೆ. ನರ್ಸಮ್ಮನ ಕೋಟಿನ ತೋಳು ಸೀದುಹೋಯಿತು.

ಅಂಗಡಿ ಮುಚ್ಚುವ ಹೊತ್ತಿಗೆ ಬಂದ. ಹೊಸ್ತಿಲಲ್ಲಿ ನಿಂತು, ನಾನು ಮೂಸಿ ನೋಡಲೆಂದು ದಿನದ ಹಾಗೆ ಬಾಯಿ ತೆರೆದ.

"ಮುಚ್ಚು," ಎಂದೆ. "ಕೈ ತೊಳಿ, ಊಟ ಆರ್‍ತಿದೆ."