ಜೂರಾಕಾನ್ ಎಜೆಯ ಅರ್ಧ ಬಟ್ಟಲು

ಜೂರಾಕಾನ್ ಎಜೆ ಬರುವುದು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಉಳಿದ ದಾದಿಯರೆಲ್ಲ ಮೆತ್ತನೆಯ ಚಪ್ಪಲಿಯಲ್ಲಿ ಬೆಕ್ಕಿನಂತೆ ಸುಳಿದಾಡುವ, ನಾರಿನ್ ನದಿದಂಡೆಯ ನಮ್ಮ ಮನೋರೋಗಿಗಳ ಆಸ್ಪತ್ರೆಯಲ್ಲಿ, ಲಾಳ ಹೊಡೆದ ಬೂಟು ತೊಟ್ಟು ಟಪಟಪನೆ ನಡೆದು, ಪ್ರತಿ ಕೋಣೆಯ ಹೊರಗೆ ನಿಂತು ಒಮ್ಮೆ ಕೆಮ್ಮಿ, ಒಳಗಿನಿಂದ ಉತ್ತರ ಬರುವವರೆಗೆ ಕಾಯುವ ಸ್ಥೂಲದೇಹಿ ಅವರೊಬ್ಬರೇ. "ಹೆದರಿದವರ ಬೆನ್ನ ಹಿಂದೆ ಕಳ್ಳರ ಥರ ಬರ್ತೀರಲ್ಲ, ನಾಚಿಕೆ ಆಗಲ್ವೇನ್ರೇ?" ಎಂದು ವಿದ್ಯಾರ್ಥಿನಿಯರನ್ನು ಗದರುವರು.

ದಾದಿಯರ ಶಾಲೆಯಲ್ಲಿ ನಾನು ಔಷಧಶಾಸ್ತ್ರ ಹೇಳಿಕೊಡುತ್ತೇನೆ. ಅವರು ಮನೋರೋಗಿಗಳ ಶುಶ್ರೂಷೆಯನ್ನು. ಎಲ್ಲರಿಗೂ ಅವರು ಎಜೆ, ಎಂದರೆ ಅಕ್ಕ. ರೋಗಲಕ್ಷಣಗಳನ್ನೆಲ್ಲ ಗಿಳಿಪಾಠದಂತೆ ಒಪ್ಪಿಸಿದವಳನ್ನು ರೋಗಿಗಳ ಚಹಾದ ಮೇಜಿಗೆ ಕಳಿಸಿ, ತಾವು ಮೂಲೆಯಲ್ಲಿ ಕುಳಿತು ನೋಡುವುದೇ ಅವರ ಪರೀಕ್ಷೆ. ಪೂರ್ಣಾಂಕ ಮಾತ್ರ ಯಾರಿಗೂ ಸಿಕ್ಕಿದ್ದಿಲ್ಲ. ಆ ಜಿಪುಣತನಕ್ಕೆ ಮದ್ದಿಲ್ಲ.

ಕಳೆದ ಚಳಿಗಾಲದಲ್ಲಿ ಕಲ್ಮುರ್ಜಾ ಎಂಬ ಮುದುಕನನ್ನು ನದಿಯಿಂದ ಎಳೆದು ತಂದಿದ್ದರು. ಹಿರಿಯರನ್ನು ಕರೆಯುವಂತೆ ಎಜೆ ಆತನನ್ನು ಅತಾ, ಎಂದರೆ ಅಪ್ಪ, ಎನ್ನುತ್ತಿದ್ದರು. ಕುರಿಯ ಹಿಂದೆ ಬೆಟ್ಟ ಹತ್ತುವ ಕಾಲು ಸೋತಮೇಲೆ ತಾನು ಎಲ್ಲರಿಗೂ ಭಾರವೆಂಬ ಒಂದೇ ಯೋಚನೆ ಆತನ ಎದೆಯಲ್ಲಿ ಹೆಪ್ಪುಗಟ್ಟಿತ್ತು. ಯಾರು ಕರೆದರೂ ಮಂಚದಿಂದ ಇಳಿಯದವನು, ಎಜೆಯ ಹಟಕ್ಕೆ ಸೋತು ಒಂದು ಪರೀಕ್ಷೆಯ ದಿನ ಮೊದಲ ಬಾರಿ ಚಹಾಕ್ಕೆ ಬಂದ. ಪರೀಕ್ಷೆಗೆ ನಿಂತಿದ್ದ ಚಿನಾರ ಎಂಬ ಹುಡುಗಿ, ಎಲ್ಲಿ ಕಡಿಮೆಯಾದೀತೋ ಎಂಬ ಗಾಬರಿಯಲ್ಲಿ, ಆತನ ಬಟ್ಟಲನ್ನು ಅಂಚಿನವರೆಗೆ ತುಂಬಿಬಿಟ್ಟಳು. ಅಯ್ಯೋ! ಬೇಕಾದ ಅತಿಥಿಗೆ ಅರ್ಧವೇ ಹುಯ್ದು ಮತ್ತೆ ಮತ್ತೆ ಉಪಚರಿಸುವ ನಮ್ಮ ಜನರಲ್ಲಿ, ತುಂಬಿದ ಬಟ್ಟಲೆಂದರೆ ಕುಡಿದು ಹೊರಡು ಎಂದರ್ಥ.

ಮುದುಕ ಬಟ್ಟಲನ್ನೇ ದಿಟ್ಟಿಸಿ, ಟೊಪ್ಪಿಗೆ ಇಟ್ಟುಕೊಂಡು ಎದ್ದ. "ಆಯ್ತು ಮಗಳೇ, ಹೊರಡ್ತೀನಿ. ಎಲ್ಲರೂ ಹೇಳೋದು ಅದನ್ನೇ."

ಹುಡುಗಿಯ ಮುಖ ಸುಣ್ಣವಾಯಿತು. ಆತ ಹೊರಹೋಗದಂತೆ ತಡೆಯಲು, ಸಹಪರೀಕ್ಷಕನಾಗಿದ್ದ ನನ್ನ ಕೈ ಬಾಗಿಲ ಚಿಲಕಕ್ಕೆ ಹೋಯಿತು. ಎಜೆ ಕಣ್ಣಲ್ಲೇ ನನ್ನನ್ನು ತಡೆದು, ಮೇಜಿನ ಬಳಿಗೆ ಬಂದು, ಹಬೆಯಾಡುವ ಆ ಬಟ್ಟಲನ್ನೆತ್ತಿ ಗಟಗಟನೆ ಕುಡಿದುಬಿಟ್ಟರು.

"ಇದು ನನಗೆ ಹುಯ್ದಿದ್ದು, ಅತಾ. ಪಾಠಕ್ಕೆ ಹೊತ್ತಾಯ್ತು, ಎದ್ದು ಹೋಗು ಅಂತ ನನಗೆ ಹೇಳ್ತಿದ್ದಾಳೆ ಈ ಗಯ್ಯಾಳಿ. ನೀವೆಲ್ಲಿಗೆ ಹೊರಟ್ರಿ? ಏ ಚಿನಾರ, ಅತಾಗೆ ಹುಯ್ಯೇ!"

ಅವಳು ಅರ್ಧ ಬಟ್ಟಲು ಹುಯ್ದಳು. ಆತ ನಿಂತೇ ಇದ್ದ. ಕೊನೆಗೆ ಕುಳಿತು, "ಹಾಲು ಇನ್ನೊಂಚೂರು ಹಾಕು" ಎಂದ.

ಹೊರಗೆ ಚಿನಾರ ಬಿಕ್ಕುತ್ತಿದ್ದಳು. "ನಾನು ಫೇಲು, ಅಲ್ವಾ ಎಜೆ?"

"ಫೇಲೇ. ಕಣ್ಣೊರೆಸ್ಕೊಂಡು ಒಳಗೆ ನಡಿ, ಅವರ ಬಟ್ಟಲು ಖಾಲಿ ಆಗಿರುತ್ತೆ" ಎಂದರು ಎಜೆ, ಸುಟ್ಟ ಬಾಯನ್ನು ತಣ್ಣೀರಿನಲ್ಲಿ ಮುಕ್ಕಳಿಸುತ್ತ.

ರೋಗ ಗುಣಪಡಿಸಿದೆವೆಂದು ಇಂಥವರು ಎಲ್ಲೂ ಹೇಳಿಕೊಳ್ಳುವುದಿಲ್ಲ. ಮದ್ದಿನ ಪಾಠ ಹೇಳುವ ನಾನೇ ಹೇಳುತ್ತೇನೆ: ಮನಸ್ಸಿನ ಮದ್ದು ಹತ್ತಲು ವಾರಗಳು ಬೇಕು, ಅಲ್ಲಿಯವರೆಗೆ ಮನುಷ್ಯ ಬದುಕಿರಬೇಕಲ್ಲ! ಆ ನಡುವಿನ ದಿನಗಳಲ್ಲಿ, ಹೊರಟು ನಿಂತವನನ್ನು ಇವತ್ತೊಂದು ದಿನ ಕೂತ್ಕೊಳ್ಳಿ ಎಂದು ಉಳಿಸಿಕೊಳ್ಳುವವರ ಕುಲ ಇವರದು.